ಕೊಳಕ್ಕೆ ಹರಿದು ಬಂದದ್ದು

ಹಿತ್ತಲಲ್ಲಿ ಮೀನಿನ ಕೊಳ ಇಟ್ಟುಕೊಂಡವರಿಗೆ ಬೆಳಗಾಗುವುದು ಕೊಳದ ಏರಿಯ ಮೇಲೆ. ಎದ್ದವರೇ ಒಂದು ಸುತ್ತು ಹೋಗಿಬರಬೇಕು. ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆಯೇ, ನೀರಿನ ಬಣ್ಣ ನಿನ್ನೆಯದೇ ಇದೆಯೇ, ತೂಬಿನ ಜಾಲರಿಗೆ ಏನಾದರೂ ಸಿಕ್ಕಿಕೊಂಡಿದೆಯೇ ಎಂದು ನೋಡಬೇಕು. ಆಮೇಲೆ ಕಣ್ಣು ತಾನಾಗಿ ಮೂಲೆಗಳ ಕಡೆ ಹೊರಳುತ್ತದೆ. ರಾತ್ರಿ ಗಾಳಿ ಯಾವ ಕಡೆಗೆ ಬೀಸಿತ್ತೋ ಆ ಮೂಲೆಯಲ್ಲಿ ನಿನ್ನೆ ಇಲ್ಲದ ಹಸಿರು ಒಂದು ಬೊಗಸೆಯಷ್ಟು ತೇಲುತ್ತಿದ್ದರೂ ಸಾಕು, ಅವತ್ತಿನ ಮೊದಲ ಕೆಲಸ ಅದೇ. ದೋಟಿ ತಂದು, ಕೊಕ್ಕೆ ಹಾಕಿ ದಡಕ್ಕೆಳೆದು, ಬೇರು ಸಮೇತ ಮಂಕರಿಗೆ ತುಂಬಿದ ಮೇಲೇ ಕಾಫಿ.

ಈ ಕೆಲಸ ನನಗೆ ಒಂದು ದಿನವೂ ಬೇಸರ ತಂದದ್ದಿಲ್ಲ. ನೀರನ್ನು ಹತ್ತಿರದಿಂದ ನೋಡಲು ಇದಕ್ಕಿಂತ ಒಳ್ಳೆಯ ನೆವ ಇನ್ನೊಂದು ಸಿಕ್ಕದು. ನಮ್ಮ ಮನೆ ಇರುವುದು ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ, ಚಿಕ್ಕದೇವರಾಯ ಸಾಗರ ನಾಲೆಯ ಕೆಳಗೆ. ತಂಗಿಯನ್ನು ಕೊಟ್ಟಿರುವುದು ಪಾಂಡವಪುರದ ಕಡೆಗೆ. ಅಮ್ಮನ ತವರು ಕೆ.ಆರ್. ಪೇಟೆ ತಾಲ್ಲೂಕು, ಹೇಮಾವತಿಯ ಮಗ್ಗುಲಿಗೆ. ಓದುವ ಕಾಲದಿಂದ ಜೊತೆಗಿರುವ ಗೆಳೆಯ ನಾಗಮಂಗಲದವನು. ನಾಲ್ಕೂ ಮನೆಯಲ್ಲಿ ನೀರಿದೆ, ನೀರಿನಲ್ಲಿ ಮೀನಿದೆ, ಮೀನಿನ ಜೊತೆಗೆ ಕಳೆಯೂ ಇದೆ. ಆದರೆ ಒಂದು ಕಡೆಯ ಕಳೆ ಇನ್ನೊಂದು ಕಡೆ ಇಲ್ಲ. ಹೋದಲ್ಲೆಲ್ಲ ಏರಿ ಹತ್ತಿ ನಿಲ್ಲುವ ಅಭ್ಯಾಸದಿಂದ ನನಗೆ ಗಟ್ಟಿಯಾಗಿರುವ ಮಾತು ಇದು: ಕಳೆ ಕಾಣಿಸುವುದು ಕೊಳದಲ್ಲಿ, ಅದಕ್ಕೆ ಅನ್ನ ಹಾಕುವುದು ಕೊಳದ ಹೊರಗಿನ ನೆಲ. ಆ ನೆಲದ ಕಡೆ ನೋಡದೆ ಬರೀ ನೀರಿನಲ್ಲಿ ಕೈಯಾಡಿಸಿದರೆ ಕೆಲಸ ಮುಗಿಯುವುದಿಲ್ಲ.

ನಮ್ಮ ಕೊಳಕ್ಕೆ ಬರುವುದು ಜೊಂಡು. ಪುಸ್ತಕದವರು ವಾಟರ್ ಹಯಸಿಂತ್ ಎನ್ನುವುದನ್ನು ನಮ್ಮೂರಿನಲ್ಲಿ ಜೊಂಡು ಎಂದೇ ಕರೆಯುತ್ತಾರೆ. ಹುಟ್ಟೂರು ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆ. ಹೂವಿನ ಚೆಲುವು ಕಂಡವರು ಕೊಳಕ್ಕೆ ಅಲಂಕಾರವಾಗಲಿ ಎಂದು ದೇಶ ದೇಶಕ್ಕೆ ಒಯ್ದರು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಅದು ಬಂಗಾಳಕ್ಕೆ ಬಂದಿತ್ತು. ಅಲ್ಲಿ ದೋಣಿ ಸಾಗದಂತೆ, ಭತ್ತದ ಗದ್ದೆ ಉಳಿಯದಂತೆ ಹಬ್ಬಿ, 1936ರಲ್ಲಿ ಅದನ್ನು ಕಿತ್ತು ಹಾಕುವುದಕ್ಕೆಂದೇ ಒಂದು ಕಾನೂನು ತರಬೇಕಾಯಿತು. ಶ್ರೀರಂಗಪಟ್ಟಣದ ಸುತ್ತ ನದಿಯ ಹರಿವು ಸೋತು ನೀರು ನಿಂತ ಕಡೆಗಳಲ್ಲಿ ಅದೇ ಗಿಡ ಇವತ್ತು ದಡದಿಂದ ಹೊರಟು ನಡುನೀರಿಗೆ ಚಾಚಿಕೊಂಡಿದೆ. ನಾಲೆಗೆ ನೀರು ಬಿಟ್ಟಾಗ ತುಂಡು ತುಂಡಾಗಿ ಹರಿದು ಬಂದು, ನಮ್ಮ ಹಿತ್ತಲ ಕಾಲುವೆ ಹಿಡಿದು ಕೊಳದ ಬಾಯಿಗೆ ಬಂದು ನಿಲ್ಲುತ್ತದೆ.

ಒಂದು ಗಿಡವನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಬೇಕು. ಎಲೆಯ ತೊಟ್ಟು ನಡುವೆ ಊದಿಕೊಂಡಿರುತ್ತದೆ. ಚಿವುಟಿದರೆ ಒಳಗೆ ಬರೀ ಗಾಳಿಗೂಡು. ಗಿಡ ತೇಲುವುದು ಅದರಿಂದಲೇ. ಕೆಳಗೆ ಕಪ್ಪು ನೇರಳೆ ಬಣ್ಣದ ಕವಲುಬೇರಿನ ಗೊಂಚಲು. ಅದನ್ನು ಬೋಗುಣಿಯ ನೀರಿನಲ್ಲಿ ಅಲುಗಿಸಿದರೆ ಸಣ್ಣ ಸೀಗಡಿ, ಬಸವನಹುಳುವಿನ ಮರಿ, ಕೊರಂಬಲೆಯ ಮರಿ ಎಲ್ಲ ಉದುರುತ್ತವೆ. ಬುಡದಿಂದ ಅಡ್ಡಕ್ಕೆ ಒಂದು ಬಳ್ಳಿ ಹೊರಟು, ತುದಿಯಲ್ಲಿ ಇನ್ನೊಂದು ಗಿಡ ಕಟ್ಟಿರುತ್ತದೆ. ಆ ಗಿಡದಿಂದ ಮತ್ತೊಂದು ಬಳ್ಳಿ. ಹದವಾದ ಬಿಸಿಲು, ಗೊಬ್ಬರ ಕರಗಿದ ನೀರು ಸಿಕ್ಕಿದರೆ ಎರಡು ವಾರದೊಳಗೆ ಒಂದು ಎರಡಾಗುತ್ತದೆ. ಇಮ್ಮಡಿಯಾಗುವ ಲೆಕ್ಕದಲ್ಲಿ ಮೂರು ತಿಂಗಳಿಗೆ ಒಂದಿದ್ದದ್ದು ಅರವತ್ತು ದಾಟುತ್ತದೆ. ಒಂದು ಚಮಚ ಹೆಪ್ಪು ಹಂಡೆ ಹಾಲನ್ನು ಮೊಸರು ಮಾಡುವಂತೆ, ಮೂಲೆಯಲ್ಲಿ ಉಳಿದ ಒಂದೇ ಗಿಡ ಕೊಳವನ್ನೆಲ್ಲ ತನ್ನದು ಮಾಡಿಕೊಳ್ಳುತ್ತದೆ. ಅರ್ಧ ಕೊಳ ಮುಚ್ಚಿದೆ, ಇನ್ನೂ ಅರ್ಧ ಇದೆಯಲ್ಲ ಎಂದು ಸುಮ್ಮನಿರುವಂತಿಲ್ಲ. ಉಳಿದರ್ಧಕ್ಕೆ ಅದಕ್ಕೆ ಬೇಕಾಗುವುದು ಎರಡೇ ವಾರ.

ಹೂವಿನ ವಿಚಾರ ಇನ್ನೂ ಮುಖ್ಯ. ತಿಳಿ ನೇರಳೆಯ ಗೊಂಚಲು, ಮೇಲಿನ ಎಸಳಿನಲ್ಲಿ ಹಳದಿ ಕಣ್ಣು. ನೋಡಲು ನಿಜವಾಗಿಯೂ ಚೆಂದ. ಎಸಳು ಬಾಡಿದ ಮೇಲೆ ಹೂವಿನ ಕಾಂಡ ಬಾಗಿ, ಬೀಜಕೋಶವನ್ನು ನೀರಿನೊಳಗೆ ಇಳಿಸುತ್ತದೆ. ಬೀಜ ಕೆಸರಿಗೆ ಬಿದ್ದರೆ ಹತ್ತು ಹದಿನೈದು ವರ್ಷವಾದರೂ ಸಾಯುವುದಿಲ್ಲ. ಬೇಸಿಗೆಯಲ್ಲಿ ನೀರು ಇಳಿದು ಕೆಸರಿಗೆ ಬಿಸಿಲು ತಾಗಿದಾಗ ಮೊಳೆಯುತ್ತದೆ, ಹೊಸ ನೀರು ಬಂದ ಕೂಡಲೇ ತೇಲುತ್ತದೆ. ಒಮ್ಮೆ ಪೂರ್ತಿ ಒಣಗಿದ ಕಟ್ಟೆ ಮಳೆ ಬಿದ್ದ ವರ್ಷವೇ ಹಸಿರು ಹೊದ್ದು ನಿಲ್ಲುವುದು ಹೀಗೆ. ಆದ್ದರಿಂದ ಜೊಂಡು ಕೀಳುವುದಿದ್ದರೆ ಹೂ ಬಿಡುವ ಮೊದಲೇ ಕೀಳಬೇಕು. ನಮ್ಮ ಕೊಳಕ್ಕೆ ಇಳಿಯುವ ಹೆಣ್ಣಾಳೊಬ್ಬರು ಇದನ್ನು ಯಾವ ಪುಸ್ತಕವೂ ಇಲ್ಲದೆ ಹೇಳಿದರು: "ಹೂವ ನೋಡ್ಕಂಡು ನಿಂತ್ಕಂಡ್ರೆ ಆಗಾಕಿಲ್ಲ ಕಣಣ್ಣ, ಮೊಗ್ಗಲ್ಲೇ ಎಳ್ದಾಕ್‌ಬುಡಿ." ಬೇಸಿಗೆಯಲ್ಲಿ ನೀರು ಕಡಿಮೆಯಾದಾಗ ಮೇಲಿನ ಒಂದು ಪದರ ಗೋಡು ತೆಗೆದು ತೆಂಗಿನ ಬುಡಕ್ಕೆ ಹಾಕಿದರೆ ಬೀಜವೂ ಹೋಯಿತು, ತೆಂಗಿಗೂ ಆಯಿತು. ಹಿಂದಿನವರು ವರ್ಷಕ್ಕೊಮ್ಮೆ ಕೆರೆಗೋಡನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದ ರೂಢಿಯಲ್ಲಿ ಎಷ್ಟು ವಿವೇಕವಿತ್ತು ಎಂದು ಪ್ರತಿ ಬೇಸಿಗೆಯಲ್ಲೂ ನೆನೆಯುತ್ತೇನೆ.

ಕಿತ್ತದ್ದನ್ನು ಎಲ್ಲಿ ಹಾಕುವುದು ಎನ್ನುವುದರಲ್ಲೇ ಅರ್ಧ ಕೆಲಸವಿದೆ. ಏರಿಯ ಮೇಲೇ ಗುಡ್ಡೆ ಮಾಡಿ ಬಿಟ್ಟರೆ ಮೊದಲ ಮಳೆಗೆ ಎಲ್ಲ ಮತ್ತೆ ನೀರಿಗೆ. ಕೊಳದಿಂದ ದೂರ, ನೀರು ಹರಿಯದ ಕಡೆ ಹರಡಿ ಬಾಡಿಸಬೇಕು. ಹಸಿ ಜೊಂಡಿನ ತೂಕದಲ್ಲಿ ನೂರಕ್ಕೆ ತೊಂಬತ್ತೈದು ಪಾಲು ನೀರೇ. ಗಾಡಿ ತುಂಬ ಎಳೆದದ್ದು ಬಾಡಿದ ಮೇಲೆ ಒಂದು ಹೊರೆ ಆಗುತ್ತದೆ. ಆಮೇಲೆ ಸಗಣಿ, ಒಣ ಎಲೆ ಸೇರಿಸಿ ತಿಪ್ಪೆಗೆ ಹಾಕಬಹುದು, ಅಡಿಕೆ ತೆಂಗಿನ ಬುಡಕ್ಕೆ ಮುಚ್ಚಿಗೆಯಾಗಿ ಹಾಸಬಹುದು. ಊರ ಚರಂಡಿ ಸೇರುವ ನೀರಿನಲ್ಲಿ ಬೆಳೆದದ್ದನ್ನು ಮಾತ್ರ ಸೊಪ್ಪು ತರಕಾರಿಯ ಮಡಿಗೆ ಹಾಕಬಾರದು, ದನಕ್ಕೂ ಕೊಡಬಾರದು. ಕೊಳಚೆಯಲ್ಲಿರುವ ಲೋಹದ ವಿಷವನ್ನು ಹೀರಿ ಒಳಗಿಟ್ಟುಕೊಳ್ಳುವ ಗಿಡ ಅದು.

ಜೊಂಡಿಗೆ ಹುಟ್ಟು ಹಗೆಯೊಂದಿದೆ, ಅದರ ಕತೆ ನಮ್ಮ ರಾಜ್ಯದಲ್ಲೇ ನಡೆದದ್ದು. 1980ರ ದಶಕದ ಮೊದಲ ವರ್ಷಗಳಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನಿಯೋಕೆಟಿನಾ ಎಂಬ ಸೊಂಡಿಲು ಹುಳುವನ್ನು ಹೊರದೇಶದಿಂದ ತರಿಸಿದರು. ಬೇರೆ ಬೆಳೆಗೆ ಬಾಯಿ ಹಾಕುವುದಿಲ್ಲ ಎಂದು ಪರೀಕ್ಷಿಸಿಕೊಂಡು ಬೆಂಗಳೂರಿನ ಕೆರೆಗಳಿಗೆ ಬಿಟ್ಟರು. ಹೆಬ್ಬಾಳ ಕೆರೆಯೂ ಅದರಲ್ಲಿ ಒಂದು. ಅರ್ಧ ಸೆಂಟಿಮೀಟರ್‌ಗೂ ಕಡಿಮೆ ಉದ್ದದ ಬೂದು ಕಂದು ಹುಳು ಅದು. ದೊಡ್ಡದು ಎಲೆಯ ಮೇಲ್ಪದರ ಕೆರೆದು ತಿನ್ನುತ್ತದೆ, ಮರಿಹುಳು ತೊಟ್ಟಿನೊಳಗೆ ಸುರಂಗ ಕೊರೆದು ಬುಡಕ್ಕೆ ಇಳಿಯುತ್ತದೆ. ಗಿಡ ಸೊರಗುತ್ತದೆ, ನೀರು ತುಂಬಿ ಮುಳುಗುತ್ತದೆ. ಅದೇ ಸಂಸ್ಥೆಯವರು ಸಾಲ್ವೀನಿಯಾ ಎಂಬ ಇನ್ನೊಂದು ತೇಲುಗಳೆಗೆ ಸುಮಾರು ಎರಡು ಮಿಲಿಮೀಟರ್ ಉದ್ದದ ಬೇರೊಂದು ಸೊಂಡಿಲು ಹುಳುವನ್ನು ತಂದು ಬೆಂಗಳೂರಿನ ಒಂದು ತಾವರೆಗೊಳಕ್ಕೆ ಬಿಟ್ಟಾಗ ವರ್ಷ ತುಂಬುವುದರೊಳಗೆ ನೀರು ತೆರೆದುಕೊಂಡಿತು. ಕೇರಳದವರು ಆಫ್ರಿಕನ್ ಪಾಯಲ್ ಎಂದು ಹೆಸರಿಟ್ಟು ಗೋಳಾಡುತ್ತಿದ್ದ ಆ ಕಳೆಯನ್ನು ಕುಟ್ಟನಾಡಿನಲ್ಲಿ ಹಿಮ್ಮೆಟ್ಟಿಸಿದ್ದೂ ಅದೇ ಹುಳು. ಆಫ್ರಿಕದ ವಿಕ್ಟೋರಿಯಾ ಸರೋವರವನ್ನು 1990ರ ದಶಕದಲ್ಲಿ ಜೊಂಡು ಮುತ್ತಿದಾಗ ಅಲ್ಲಿಗೂ ನಿಯೋಕೆಟಿನಾ ಹೋಯಿತು.

ಈಗ ನಾಲೆಯಲ್ಲಿ ತೇಲಿ ಬರುವ ಜೊಂಡಿನ ಎಲೆ ತಿರುಗಿಸಿ ನೋಡಿದರೆ ಸಣ್ಣ ಸಣ್ಣ ತಗ್ಗಿನ ಕಲೆಗಳು ಹಲವು ಸಲ ಕಾಣುತ್ತವೆ. ಆ ಹುಳುವಿನ ಹಲ್ಲಿನ ಗುರುತು ಅದು. ಹಾಗಿದ್ದೂ ಜೊಂಡು ಮುಗಿದಿಲ್ಲ ಏಕೆ? ಹುಳುವಿಗೆ ತನ್ನದೇ ವೇಗವಿದೆ, ಅದು ವರ್ಷಗಳ ವೇಗ. ನೀರಿಗೆ ಗೊಬ್ಬರ, ಕೊಳಚೆ ಬಂದು ಬೀಳುತ್ತಿದ್ದರೆ ಹುಳು ತಿಂದದ್ದಕ್ಕಿಂತ ಹೆಚ್ಚು ಗಿಡ ಬೆಳೆಯುತ್ತದೆ. ಹೆಸರಘಟ್ಟದವರ ಹುಳು ಅದರ ಪಾಲಿನ ಕೆಲಸ ಮಾಡುತ್ತಲೇ ಇದೆ. ನೆಲದ ಕಡೆಯ ಕೆಲಸ ನಮ್ಮದು, ಅದು ಬಾಕಿ ಇದೆ.

ಆ ಬಾಕಿಯ ಕೆಲಸ ಏನೆಂದು ನನಗೆ ಚೆನ್ನಾಗಿ ಕಂಡದ್ದು ಪಾಂಡವಪುರದಲ್ಲಿ. ತಂಗಿಯ ಮನೆ ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿದೆ. ಮೇಲೆ ಕಬ್ಬು, ಅದರ ಕೆಳಗೆ ಭತ್ತ, ಭತ್ತದ ಕೆಳಗೆ ಬಸಿಗಾಲುವೆ, ಬಸಿಗಾಲುವೆಯ ಕೊನೆಗೆ ಭಾವ ತೋಡಿಸಿದ ಕೊಳ. ಒಂದು ಮಳೆಗಾಲ ಹೋದಾಗ ದಡದಿಂದ ನೀರಿನ ಮೇಲಕ್ಕೆ ಮಾರುದ್ದ ಹಬ್ಬಿದ್ದ ಸೊಪ್ಪನ್ನು ತೋರಿಸಿ ತಂಗಿ, "ಅಣ್ಣ, ಹೊನಗೊನೆ ಸೊಪ್ಪು ಎಷ್ಟು ಸೊಂಪಾಗಿ ಬಂದದೆ ನೋಡು, ಹೋಗುವಾಗ ಅತ್ತಿಗೆಗೆ ಒಂದು ಕಟ್ಟು ತಕ್ಕೊಂಡ್ಹೋಗು" ಎಂದಳು. ನೋಡಿದರೆ ಹೊನಗೊನೆಯೇ. ಎದುರುಬದುರು ಎಲೆ, ಬಿಳಿ ಹೂವು. ಆದರೆ ಹೊನಗೊನೆಯ ಹೂಗುಚ್ಛ ಎಲೆಯ ಕಂಕುಳಲ್ಲೇ ಅಂಟಿಕೊಂಡು ಕೂತಿರುತ್ತದೆ. ಇಲ್ಲಿ ಪ್ರತಿ ಗುಚ್ಛಕ್ಕೂ ಬೆರಳುದ್ದದ ತೊಟ್ಟಿತ್ತು. ಕಾಂಡ ಮುರಿದರೆ ಒಳಗೆ ಟೊಳ್ಳು. ಅದು ಹೊನಗೊನೆಯ ಹತ್ತಿರದ ನೆಂಟ, ದಕ್ಷಿಣ ಅಮೆರಿಕದಿಂದ ಬಂದ ಅಲಿಗೇಟರ್ ಕಳೆ. ನೆಲದ ಮೇಲೂ ಬೆಳೆಯುತ್ತದೆ, ನೀರಿನ ಮೇಲೂ ಹಬ್ಬುತ್ತದೆ. ಹುಟ್ಟಿದ ಸೀಮೆಯ ಹೊರಗೆ ಇದು ಬೀಜದಿಂದ ಹರಡುವುದಿಲ್ಲವೆಂದೇ ಹೇಳಬೇಕು. ಗಿಣ್ಣಿಗೊಂದು ಗಿಡ, ಅಷ್ಟೇ ಅದರ ಬಂಡವಾಳ. ಕುಡುಗೋಲಿನಿಂದ ಕೊಚ್ಚಿ ಅಲ್ಲೇ ಬಿಟ್ಟರೆ ಕೊಚ್ಚಿದ ತುಂಡೆಲ್ಲ ಬೇರು ಬಿಡುತ್ತವೆ.

ಆ ದಿನ ಮನೆಮಂದಿಯೆಲ್ಲ ಇಳಿದೆವು. ದಡದ ಮಣ್ಣನ್ನು ಗುದ್ದಲಿಯಿಂದ ಸಡಿಲಿಸಿ ಬೇರಿನ ಗಡ್ಡೆ ಹುಡುಕಿ ತೆಗೆಯುವುದು ಭಾವನ ಪಾಲು. ನೀರಿನ ಮೇಲೆ ಹಬ್ಬಿದ್ದನ್ನು ಚಾಪೆಯಂತೆ ಸುರುಳಿ ಸುತ್ತಿ ದಡಕ್ಕೆ ತರುವುದು ನನ್ನ ಪಾಲು. ಹಿಂದೆಯೇ ಹಳೆಯ ಸೊಳ್ಳೆ ಪರದೆ ಹಿಡಿದು ತೇಲುವ ಚೂರುಗಳನ್ನು ಸೋಸುವುದು ತಂಗಿಯ ಪಾಲು. ಸೋಸುವ ಕೆಲಸವೇ ಎಲ್ಲಕ್ಕಿಂತ ಮುಖ್ಯವಾದದ್ದು. ಎಲ್ಲವನ್ನೂ ಬಂಡೆಯ ಮೇಲೆ ಒಣಹಾಕಿದೆವು. ಆಮೇಲೆ ಏರಿಯ ಮೇಲೆ ಕೂತು ಮಾತಾಡಿದ್ದು ನೀರಿನ ಬಗ್ಗೆ ಅಲ್ಲ, ಯೂರಿಯಾದ ಬಗ್ಗೆ. ಗದ್ದೆಗೆ ಎರಚಿದ ಮರುದಿನ ಮಳೆ ಹೊಯ್ದರೆ, ಇಲ್ಲವೇ ಬದು ಒಡೆದು ನೀರು ಬಿಟ್ಟರೆ, ಗೊಬ್ಬರದ ದೊಡ್ಡ ಪಾಲು ಬಸಿಗಾಲುವೆ ಹಿಡಿಯುತ್ತದೆ. ಭತ್ತಕ್ಕೆ ದಕ್ಕದ ಸಾರಜನಕ ಕಳೆಗೆ ದಕ್ಕುತ್ತದೆ. ದುಡ್ಡು ಕೊಟ್ಟು ತಂದ ಗೊಬ್ಬರದಿಂದ ಕಳೆ ಬೆಳೆಸಿ, ಮತ್ತೆ ಕೂಲಿ ಕೊಟ್ಟು ಕೀಳಿಸುವುದು ಯಾರಿಗೂ ಲಾಭವಲ್ಲ.

ಭಾವ ಅದಾದ ಮೇಲೆ ಗೊಬ್ಬರವನ್ನು ಕಂತು ಕಂತಾಗಿ, ಗದ್ದೆಯ ನೀರು ಬಸಿದು, ಮಡೆ ಕಟ್ಟಿದ ಮೇಲೆ ಹಾಕುತ್ತಾರೆ. ಬಸಿಗಾಲುವೆ ಕೊಳ ಸೇರುವ ಮುಂಚೆ ಒಂದು ಸಣ್ಣ ಗುಂಡಿ ತೋಡಿಸಿದ್ದಾರೆ. ನೀರು ಅಲ್ಲಿ ನಿಂತು, ಮಣ್ಣು ಕೆಳಗೆ ಬಿಟ್ಟು, ಜಾಲರಿ ದಾಟಿ ಕೊಳಕ್ಕೆ ಬರುತ್ತದೆ. ಗುಂಡಿಯ ಅಂಚಿಗೆ ನಮ್ಮದೇ ಆಪು, ಕೆಸುವು ಬೆಳೆಯಲು ಬಿಟ್ಟು ಆಗಾಗ ಕೊಯ್ದು ತಿಪ್ಪೆಗೆ ಹಾಕುತ್ತಾರೆ. ಕೊಳಕ್ಕೆ ಇಳಿಯಬೇಕಿದ್ದ ಗೊಬ್ಬರವನ್ನು ಅವು ಅಲ್ಲೇ ಹಿಡಿದುಕೊಳ್ಳುತ್ತವೆ. ಕಳೆ ಪೂರ್ತಿ ಹೋಗಿಲ್ಲ, ಆದರೆ ಕೈಗೆ ಸಿಗುವಷ್ಟಕ್ಕೆ ಇಳಿದಿದೆ.

ಅಲ್ಲಿಗೆ ಹೋದಾಗಲೆಲ್ಲ ತೊಣ್ಣೂರು ಕೆರೆಗೆ ಒಮ್ಮೆ ಹೋಗಿಬರುತ್ತೇನೆ. ತಿಳಿನೀರಿಗೆ ಮೆಚ್ಚಿ ಮೋತಿ ತಲಾಬ್ ಎಂದು ಹೆಸರಿಟ್ಟಿದ್ದ ಕೆರೆ ಅದು. ಅದರ ತಿಳಿಗೆ ಕಾರಣ ಹುಡುಕಬೇಕಾದರೆ ನೀರನ್ನಲ್ಲ, ಸುತ್ತಲಿನ ಬೆಟ್ಟವನ್ನು ನೋಡಬೇಕು. ನೀರು ಇಳಿದು ಬರುವುದು ಬಂಡೆಗಲ್ಲಿನ ಮೇಲಿಂದ. ಆ ಕಲ್ಲಿಗೆ ಯಾರೂ ಗೊಬ್ಬರ ಹಾಕುವುದಿಲ್ಲ.

ಕೆ.ಆರ್. ಪೇಟೆಯ ಕೊಳದ ಪಾಠ ಬೇರೆ. ಸೋದರಮಾವನ ಹಿತ್ತಲ ಕೊಳದ ಮೇಲ್ಮೈ ನೋಡಿದರೆ ಕಳೆಯೇ ಇಲ್ಲ ಎನ್ನಬೇಕು. ಕಾಲಿಟ್ಟರೆ ಗೊತ್ತಾಗುತ್ತದೆ. ಒಳಗೆ ಮೊಣಕಾಲಿಗೆ ತೊಡರುವಷ್ಟು ಹೈಡ್ರಿಲ್ಲಾ. ಇದು ಹೊರಗಿನದಲ್ಲ, ನಮ್ಮ ಸೀಮೆಯದೇ ಗಿಡ. ಮಿತಿಯಲ್ಲಿದ್ದರೆ ಮೀನುಮರಿಗೆ ಅಡಗುದಾಣ, ಹಗಲು ನೀರಿಗೆ ಆಮ್ಲಜನಕ. 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಕೈ ಹಿಡಿದು ಇದು ಅಮೆರಿಕದ ಫ್ಲಾರಿಡಾ ಸೇರಿದ ಮೇಲೆ ಅಲ್ಲಿನ ಕೆರೆಗಳಿಗೆ, ನಮಗೆ ಜೊಂಡು ಹೇಗೋ ಹಾಗೆ ಆಗಿ ಕೂತಿದೆ. ಯಾವ ಗಿಡವೂ ಹುಟ್ಟಿನಿಂದ ಕೆಟ್ಟದ್ದಲ್ಲ. ಅದನ್ನು ತಿನ್ನುವವರಿಲ್ಲದ ಕಡೆಗೆ ಒಯ್ದು, ಹೊಟ್ಟೆ ಬಿರಿಯೆ ಉಣಿಸಿದರೆ ಕಳೆಯಾಗುತ್ತದೆ.

ಮಾವನಿಗೆ ತೊಂದರೆ ಕಾಣಿಸಿದ್ದು ಮೋಡ ಕವಿದ ದಿನಗಳಲ್ಲಿ. ನಸುಕಿನಲ್ಲಿ ಕಾಟ್ಲಾ, ರೋಹು ಎಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ನೀರೊಳಗಿನ ಗಿಡ ಬಿಸಿಲಿರುವಾಗ ಆಮ್ಲಜನಕ ಕೊಡುತ್ತದೆ, ರಾತ್ರಿಯಿಡೀ ತಾನೇ ಉಸಿರಾಡಿ ಖರ್ಚು ಮಾಡುತ್ತದೆ. ಸೂರ್ಯ ಹುಟ್ಟುವ ಮುಂಚಿನ ಗಳಿಗೆ ಮೀನಿಗೆ ಎಲ್ಲಕ್ಕಿಂತ ಕಷ್ಟದ್ದು. "ಮೀನ್ಗೂ ಉಸ್ರಾಡಕ್ಕೆ ಒಂದಿಷ್ಟು ಜಾಗ ಬುಡ್ಬೇಕು ಕಣಪ್ಪ" ಎಂದು ಮಾವ ಹೊಸ ನೀರು ಬಿಟ್ಟು, ಬಿದಿರು ಗಳಕ್ಕೆ ಮುಳ್ಳುತಂತಿ ಸುತ್ತಿ ನೀರೊಳಗೆ ತಿರುಗಿಸಿ ತಿರುಗಿಸಿ ಗಿಡ ಎಳೆದು ಹಾಕಿದರು. ಹೈಡ್ರಿಲ್ಲಾದ ಚೂರೂ ಬೆಳೆಯುತ್ತದೆ, ಕೆಸರಿನಲ್ಲಿ ಉಳಿದ ಸಣ್ಣ ಗೆಡ್ಡೆಯೂ ಮೊಳೆಯುತ್ತದೆ. ಬರೀ ಎಳೆದರೆ ಮುಗಿಯುವ ಗಿಡವಲ್ಲ ಅದು.

ಅದಕ್ಕೆ ಮದ್ದು ಹುಲ್ಲುಗೆಂಡೆ. ಚೀನಾ ಮೂಲದ ಈ ಮೀನನ್ನು 1959ರಲ್ಲಿ ಹಾಂಗ್‌ಕಾಂಗಿನಿಂದ ನಮ್ಮ ದೇಶಕ್ಕೆ ತಂದರು. ಕಾಟ್ಲಾ ಮೇಲಿನ ನೀರಿನಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯ್ದರೆ, ಹುಲ್ಲುಗೆಂಡೆಯ ಮೇವು ನೀರಿನ ಸೊಪ್ಪು. ಚೆನ್ನಾಗಿ ಬೆಳೆದದ್ದು ದಿನಕ್ಕೆ ತನ್ನ ಮೈತೂಕದಷ್ಟು ಸೊಪ್ಪನ್ನು ಮೇಯಬಲ್ಲದು. ತಿಂದದ್ದರಲ್ಲಿ ಅರ್ಧ ಜೀರ್ಣವಾಗದೆ ಹೊರಬಿದ್ದು ನೀರಿಗೆ ಗೊಬ್ಬರವಾಗುತ್ತದೆ, ಆ ಗೊಬ್ಬರದಿಂದ ಹುಟ್ಟುವ ಸೂಕ್ಷ್ಮಜೀವಿಗಳು ಉಳಿದ ಮೀನಿಗೆ ಆಹಾರ. ಆದರೆ ಬೆರಳುದ್ದಕ್ಕಿಂತ ಸಣ್ಣ ಮರಿ ತಂದರೆ ಸೊಪ್ಪು ತಿನ್ನುವ ಶಕ್ತಿ ಅದಕ್ಕಿರುವುದಿಲ್ಲ. ಗೇಣುದ್ದದ್ದು ಸಿಕ್ಕಿದರೆ ಒಳ್ಳೆಯದು. ಜೊಂಡು, ಅಂತರಗಂಗೆಯಂಥ ದಪ್ಪ ಎಲೆ ಅದಕ್ಕೆ ಹಿಡಿಸುವುದಿಲ್ಲ. ನೂರು ಮರಿಯಲ್ಲಿ ಹತ್ತು ಮೀರದಂತೆ ಬಿಡಬೇಕು. ಹೆಚ್ಚಾದರೆ ಇದ್ದಬದ್ದ ಗಿಡವೆಲ್ಲ ಖಾಲಿಯಾಗಿ ನೀರು ಕದಡುತ್ತದೆ. ಕೋಡಿಗೆ ಗಟ್ಟಿ ಜಾಲರಿ ಕಟ್ಟಲೇಬೇಕು. ಮಾವನ ಕೊಳದ ಕೋಡಿ ನೀರು ಹೋಗಿ ಸೇರುವುದು ಹೇಮಾವತಿಗೆ. ಕಳೆ ಕೀಳಲು ತಂದ ಪರದೇಶದ ಮೀನು ಹೊಳೆ ಸೇರಿ, ಅಲ್ಲಿನ ಮೀನಿನ ಮೇವಿಗೆ ಬಾಯಿ ಹಾಕಬಾರದು.

ಕೊಳ ಹದದಲ್ಲಿದೆಯೇ ಎಂದು ತಿಳಿಯುವ ಉಪಾಯವನ್ನೂ ಮಾವನಿಂದಲೇ ಕಲಿತೆ. ಬೆಳಗಿನ ಬಿಸಿಲಿನಲ್ಲಿ ತೋಳನ್ನು ನೇರವಾಗಿ ನೀರಿಗಿಳಿಸಿ ಅಂಗೈ ನೋಡಬೇಕು. ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಮಸುಕಾಗಿ ಮರೆಯಾದರೆ ಮೀನಿಗೆ ಬೇಕಾದಷ್ಟು ಹಸಿರು ನೀರಿನಲ್ಲಿದೆ. ಮಣಿಕಟ್ಟು ಮುಳುಗುವಾಗಲೇ ಮರೆಯಾದರೆ ಗೊಬ್ಬರ ಹೆಚ್ಚಾಗಿದೆ, ಸಗಣಿ ಹಾಕುವುದನ್ನು ನಿಲ್ಲಿಸಬೇಕು. ಮೊಣಕೈ ದಾಟಿದ ಮೇಲೂ ಬೆರಳು ಎಣಿಸಲು ಬಂದರೆ ಬಿಸಿಲು ತಳ ಮುಟ್ಟುತ್ತಿದೆ ಎಂದರ್ಥ. ತಳದ ಕಳೆ ಏಳುವುದು ಆಗಲೇ. ಕಳೆಯ ಹದ, ಮೀನಿನ ಹದ ಎರಡನ್ನೂ ಒಂದೇ ತೋಳಿನಲ್ಲಿ ಅಳೆಯುವ ಈ ವಿದ್ಯೆ ನನಗೆ ತುಂಬಾ ಇಷ್ಟ.

ನಾಗಮಂಗಲ ಮಳೆಯನ್ನು ನಂಬಿದ ಸೀಮೆ. ಹೇಮಾವತಿಯ ಶಾಖಾ ನಾಲೆ ಮುಟ್ಟಿದ ಊರುಗಳನ್ನು ಬಿಟ್ಟರೆ ಉಳಿದವರ ಕಣ್ಣು ಆಕಾಶದ ಮೇಲೇ. 2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದ ಮೇಲೆ ರಾಗಿ ಹೊಲಗಳ ಮೂಲೆಯಲ್ಲಿ ಕೃಷಿ ಹೊಂಡಗಳು ಕಾಣಿಸಿಕೊಂಡವು. ಗೆಳೆಯನ ಹಿತ್ತಲಿಗೆ ಹೊಂದಿಕೊಂಡೇ ಅಂಥದ್ದೊಂದು ಇದೆ. ತಳಕ್ಕೆ ಪ್ಲಾಸ್ಟಿಕ್ ಹೊದಿಕೆ, ಸುತ್ತ ತಂತಿ ಬೇಲಿ, ಕಾಲು ಜಾರಿದವರಿಗೆ ಹಿಡಿಯಲು ನೀರಿನವರೆಗೆ ಇಳಿಬಿಟ್ಟ ಗಂಟು ಹಾಕಿದ ಹಗ್ಗ. ಬೇಲಿ, ಹಗ್ಗ ಎರಡೂ ಇಲ್ಲದ ಹೊಂಡದ ಹತ್ತಿರ ಮಕ್ಕಳಿರಲಿ, ದೊಡ್ಡವರೂ ಹೋಗಬಾರದು. ಕಳೆ ಕೀಳಲು ನೀರಿಗಿಳಿಯುವವರು ಒಬ್ಬರೇ ಇಳಿಯಬಾರದು ಎನ್ನುವುದು ನಾಲ್ಕೂ ಕಡೆಗೆ ಸಲ್ಲುವ ಮಾತು.

ಪ್ಲಾಸ್ಟಿಕ್ ಹಾಸಿರುವುದರಿಂದ ಅಲ್ಲಿ ಬೇರೂರುವ ಕಳೆಗೆ ಜಾಗವಿಲ್ಲ. ಬರುವುದು ಪಾಚಿ. ಬೇಸಿಗೆಯಲ್ಲಿ ನೀರು ಇಳಿಯುತ್ತ ಹೋದಂತೆ ಗೊಬ್ಬರದ ಅಂಶ ಉಳಿದ ಸ್ವಲ್ಪ ನೀರಿನಲ್ಲೇ ಗಟ್ಟಿಯಾಗಿ, ಹಸಿರು ನೂಲಿನ ಗಂಟು ಕೆಳಗಿನಿಂದ ಗುಳ್ಳೆಯೊಡನೆ ಎದ್ದು ಮೇಲೆ ಹರಡುತ್ತದೆ. ಇಂಥ ಹೊತ್ತಿನಲ್ಲೇ ಯಾರಾದರೂ ಒಂದು ಪೊಟ್ಟಣ ಹಿಡಿದು ಬರುವುದು: ಮೈಲುತುತ್ತ ಹಾಕಿ, ಇಲ್ಲ ಈ ಕಳೆನಾಶಕ ಹೊಡೆಯಿರಿ, ನಾಳೆಗೆ ಎಲ್ಲ ಸಾಫು. ಗೆಳೆಯ ನನ್ನನ್ನು ಕೇಳಿದಾಗ ನಾನು ಬೇಡವೆಂದೆ, ಇವತ್ತೂ ಅದನ್ನೇ ಹೇಳುತ್ತೇನೆ. ಮೈಲುತುತ್ತ ಎಂದರೆ ತಾಮ್ರ. ಗಡಸು ಕಡಿಮೆಯಿರುವ ಮಳೆನೀರಿನಲ್ಲಿ ಅದು ಮೀನಿಗೇ ಹೆಚ್ಚು ವಿಷ, ಪಾಚಿ ಮೇಯುವ ಬಸವನಹುಳುವಿಗೂ ವಿಷ. ಕರಗಿ ಮಾಯವಾಗುವ ವಸ್ತುವಲ್ಲ, ತಳದ ಹೂಳಿನಲ್ಲಿ ಕೂರುತ್ತದೆ. ಇನ್ನು ಕಳೆನಾಶಕದಿಂದ ಒಮ್ಮೆಲೇ ಸತ್ತ ಹಸಿರು ನೀರಿನಲ್ಲೇ ಕೊಳೆಯುತ್ತದೆ. ಕೊಳೆಯುವುದಕ್ಕೂ ಆಮ್ಲಜನಕ ಬೇಕು, ಅದನ್ನು ಮೀನಿನ ಪಾಲಿನಿಂದಲೇ ಕಸಿಯುತ್ತದೆ. ಕಳೆ ಸತ್ತ ಎರಡು ಮೂರು ದಿನಕ್ಕೆ ಮೀನು ಹೊಟ್ಟೆ ಮೇಲಾಗಿ ತೇಲುವುದು ಇದರಿಂದಲೇ. ಅವೇ ಗೊಬ್ಬರದ ಅಂಶಗಳು ನೀರಿನಲ್ಲೇ ಉಳಿದು ಮುಂದಿನ ಪಾಚಿಗೆ ಮೊದಲ ಊಟವಾಗುತ್ತವೆ. ಕಿತ್ತು ಹೊರಗೆ ಹಾಕಿದರೆ ಮಾತ್ರ ಗೊಬ್ಬರ ನೀರಿನಿಂದ ಹೊರಗೆ ಹೋಗುತ್ತದೆ.

ಗೆಳೆಯ ಈಗ ಎರಡು ಗಳಗಳ ನಡುವೆ ಹಳೆಯ ಬಲೆ ಕಟ್ಟಿಕೊಂಡಿದ್ದಾನೆ. ಅವನು ಒಂದು ದಡದಲ್ಲಿ, ಮಗ ಇನ್ನೊಂದು ದಡದಲ್ಲಿ ಹಿಡಿದು ಹೊಂಡದ ಉದ್ದಕ್ಕೂ ಎಳೆದು ಪಾಚಿ ತೆಗೆಯುತ್ತಾರೆ. ಮಳೆನೀರು ಹೊಂಡಕ್ಕೆ ಇಳಿಯುವ ಜಾಗದ ಹತ್ತಿರವಿದ್ದ ದನದ ಕೊಟ್ಟಿಗೆಯ ಗಂಜಲದ ಮೋರಿಯನ್ನು ತಿಪ್ಪೆಗೆ ತಿರುಗಿಸಿದ್ದಾನೆ. ನನ್ನ ದೃಷ್ಟಿಯಲ್ಲಿ ಆ ಮೋರಿ ತಿರುಗಿಸಿದ್ದೇ ಹೊಂಡಕ್ಕೆ ಆದ ದೊಡ್ಡ ಉಪಕಾರ. ಕೋಳಿಗೂ ಹಸುವಿಗೂ ಬೇಕೆಂದು ಬೆಳೆಸುವ ಅಜೋಲಾವನ್ನು ಬೇರೆ ತೊಟ್ಟಿಯಲ್ಲೇ ಇಟ್ಟಿದ್ದಾನೆ. ಅಜೋಲಾ ಒಳ್ಳೆಯ ಮೇವು, ಆದರೆ ಹೊಂಡಕ್ಕೆ ಬಿದ್ದರೆ ಬೆಳಕು ಮುಚ್ಚುತ್ತದೆ.

ಪೂರ್ತಿ ಬೋಳು ನೀರನ್ನು ನಾನು ಬಯಸುವುದಿಲ್ಲ. ನಮ್ಮ ಕೊಳದ ಒಂದು ಮೂಲೆಯನ್ನು ನೈದಿಲೆಗೆ ಬಿಟ್ಟಿದ್ದೇವೆ. ಬೇಸಿಗೆಯ ಮಧ್ಯಾಹ್ನ ಅದರ ನೆರಳಿಗೆ ಮೀನು ಬರುತ್ತದೆ, ಎಲೆಯ ಅಂಚಿನಲ್ಲಿ ಏರೋಪ್ಲೇನ್ ಚಿಟ್ಟೆ ಕೂರುತ್ತದೆ, ಅದರ ಮರಿ ಸೊಳ್ಳೆಯ ಮರಿಯನ್ನು ತಿನ್ನುತ್ತದೆ. ಎಲೆಕೋಸಿನ ಆಕಾರದ ಅಂತರಗಂಗೆಯನ್ನು ಮಾತ್ರ ಒಂದೂ ಉಳಿಸುವುದಿಲ್ಲ. ಆನೆಕಾಲು ರೋಗ ಹರಡಬಲ್ಲ ಮಾನ್ಸೋನಿಯಾ ಸೊಳ್ಳೆಯ ಮರಿಗಳು ಅದರ ಬೇರಿಗೆ ಕೊಳವೆ ಚುಚ್ಚಿಕೊಂಡು ಅಲ್ಲಿಂದಲೇ ಉಸಿರಾಡುತ್ತವೆ. ಸೀಮೆಎಣ್ಣೆ ಬಿಟ್ಟರೂ ಅವು ಮೇಲೆ ಬರಬೇಕಾಗಿಲ್ಲ. ಯಾವುದು ಇರಬೇಕು, ಎಷ್ಟು ಇರಬೇಕು, ಯಾವುದು ಇರಲೇಬಾರದು ಎಂದು ಗಿಡ ಗಿಡವಾಗಿ ತಿಳಿದುಕೊಳ್ಳುವುದೇ ಕೊಳ ಸಾಕುವವನ ವಿದ್ಯೆ. ಅಕ್ವೇರಿಯಂ ಖಾಲಿ ಮಾಡುವಾಗ ಅದರ ಗಿಡವನ್ನು ನಾಲೆಗೆ ಎಸೆಯುವವರಿಗೂ, ಮೀನುಮರಿಯ ಚೀಲದ ನೀರನ್ನು ಸೋಸದೆ ಕೊಳಕ್ಕೆ ಸುರಿಯುವವರಿಗೂ ಇದನ್ನು ಕೂತು ಹೇಳಬೇಕು.

ಹೀಗೆ ನಾಲ್ಕು ನೀರನ್ನೂ ಒಟ್ಟಿಗೆ ಇಟ್ಟು ನೋಡಿದರೆ ದಾರಿ ನಿಚ್ಚಳವಾಗಿದೆ. ಹೇಮಾವತಿ ಕಾವೇರಿಯನ್ನು ಸೇರುವುದು ಕೃಷ್ಣರಾಜಸಾಗರದ ನೀರಿನಲ್ಲಿ. ಆ ಕಟ್ಟೆಯ ನೀರೇ ಪಾಂಡವಪುರದ ಗದ್ದೆಗೆ, ನಮ್ಮ ಹಿತ್ತಲಿಗೆ ಬರುವುದು. ಕೆ.ಆರ್. ಪೇಟೆಯ ಕೊಳದಿಂದ ಜಾರಿದ ಕಳೆಯ ತುಂಡು ನಮ್ಮ ಮೂಲೆಯಲ್ಲಿ ಬೇರು ಬಿಡಬಹುದು, ನಮ್ಮದು ಇನ್ನೂ ಕೆಳಗಿನವರ ಕೊಳಕ್ಕೆ ಹೋಗಬಹುದು. ಒಬ್ಬರು ಕಿತ್ತು ಒಬ್ಬರು ಬಿಟ್ಟರೆ ಕಿತ್ತವರ ದುಡಿಮೆ ವ್ಯರ್ಥ. ಬೇಸಿಗೆಯಲ್ಲಿ ನಾಲೆಯ ನೀರು ನಿಲ್ಲಿಸಿ ಮತ್ತೆ ಬಿಡುವುದರ ನಡುವೆ ನಮಗೆ ಸಿಗುವ ಆ ಬಿಡುವು ಇದಕ್ಕೆಂದೇ ಇದ್ದಂತಿದೆ. ನೀರು ನಿಂತಿರುತ್ತದೆ, ಕಳೆ ದಡ ಹಿಡಿದಿರುತ್ತದೆ, ಗೋಡು ಒಣಗಿರುತ್ತದೆ, ಗದ್ದೆಯ ಕೆಲಸವೂ ಹಗುರ. ಹಿಂದೆ ನೀರಗಂಟಿ ಕರೆ ಕೊಟ್ಟರೆ ಮನೆಗೊಬ್ಬರು ಗುದ್ದಲಿ ಹಿಡಿದು ಕಾಲುವೆಗೆ ಬರುತ್ತಿದ್ದರು. ಆ ಕರೆಯನ್ನು ಈಗ ನಾವೇ ಒಬ್ಬರಿಗೊಬ್ಬರು ಕೊಟ್ಟುಕೊಳ್ಳಬೇಕು.

ನಮ್ಮ ನಾಲೆಯ ಕೆಳಗಿನ ಮನೆಗಳವರು ಈ ಬೇಸಿಗೆಗೆ ಹಾಗೆಂದು ಒಪ್ಪಿದ್ದೇವೆ. ಮೊದಲು ತಲೆಗಾಲುವೆ, ಆಮೇಲೆ ಕವಲುಗಾಲುವೆ, ಕೊನೆಗೆ ಅವರವರ ಕೊಳ. ಮೇಲಿನಿಂದ ಕೆಳಕ್ಕೆ, ನೀರು ಬರುವ ದಾರಿಯಲ್ಲೇ ಕೆಲಸವೂ ಬರಬೇಕು. ಕಿತ್ತದ್ದನ್ನು ಹಾಕಲು ಒಬ್ಬರು ತೆಂಗಿನ ತೋಟ ಕೊಟ್ಟಿದ್ದಾರೆ, ಹೊರಲು ಒಬ್ಬರು ಟ್ರ್ಯಾಕ್ಟರ್ ಕೊಡುತ್ತಾರೆ. ಪ್ರತಿ ಕೊಳದ ಬಾಯಿಗೂ ಜಾಲರಿ, ಪ್ರತಿ ಕೊಟ್ಟಿಗೆಯ ಮೋರಿಗೂ ತಿಪ್ಪೆಯ ದಾರಿ ಎಂದು ಮಾತಾಗಿದೆ. ತಂಗಿಗೂ ಮಾವನಿಗೂ ಗೆಳೆಯನಿಗೂ ಫೋನ್ ಮಾಡಿ ಅವರ ಊರಿನವರನ್ನೂ ಸೇರಿಸಲು ಹೇಳಿದ್ದೇನೆ. ಇದನ್ನು ಓದುತ್ತಿರುವ ನಿಮ್ಮ ಹಿತ್ತಲಲ್ಲಿ ಒಂದು ಕೊಳವಿದ್ದರೆ, ಅದಕ್ಕೆ ನೀರು ಎಲ್ಲಿಂದ ಬರುತ್ತದೆಯೋ ಅಲ್ಲಿಯವರೆಗೂ ಒಮ್ಮೆ ನಡೆದುಕೊಂಡು ಹೋಗಿ, ದಾರಿಯಲ್ಲಿ ಸಿಕ್ಕವರ ಜೊತೆ ಮಾತಾಡಿ ಬನ್ನಿ. ಕಳೆ ಕೀಳುವ ಕೆಲಸದ ಮೊದಲ ಹೆಜ್ಜೆ ಅದು.